ಅಳಿಸಲೇ?
ಫ್ರೇಜರ್‌ಟೌನಿನ ಮಹಡಿ ಕೋಣೆಯ ಬಾಡಿಗೆದಾರ, ರಾಯಚೂರು ಕಡೆಯ ಲಕ್ಷ್ಮಿಕಾಂತ, ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕುವ ಬಗೆಯನ್ನು ಕನ್ನಡದಲ್ಲಿ ಕೈಪಿಡಿಯಾಗಿ ಬರೆದು, ಬರೆದದ್ದನ್ನೇ ವರ್ಷವರ್ಷವೂ ತಿದ್ದುವ ಜಾತಿಯವನು. ಶಿವಾಜಿನಗರದ ಗುಜರಿಯಲ್ಲಿ ಹಾರ್ಡ್‌ಡಿಸ್ಕನ್ನು ತೆಂಗಿನಕಾಯಿಯಂತೆ ಕಿವಿಯ ಬಳಿ ಅಲ್ಲಾಡಿಸಿ ಕೊಳ್ಳುತ್ತಾನೆ. ಯಂತ್ರದ ಮೇಲೆ ಮಾಡಿ ನೋಡದ ಒಂದು ವಾಕ್ಯವನ್ನೂ ಕೈಪಿಡಿಗೆ ಸೇರಿಸುವುದಿಲ್ಲ. ಮದುವೆಯೂಟಕ್ಕೆ ಕುಳಿತರೆ ಪಕ್ಕದ ಎಲೆಯವರಿಗೆ, "ನಿಮ್ಮನ್ಯಾಗ ಹಳೇ ಪೆಂಟಿಯಂ ಕಂಪ್ಯೂಟರ್ ಐತೇನ್ರಿ? ಒಗೀಬ್ಯಾಡ್ರಿ" ಎನ್ನುತ್ತಾನೆ. ಲಿನಕ್ಸ್ ಹಾಕುವ ಮೊದಲು ಇದ್ದದ್ದನ್ನೆಲ್ಲ ಅಳಿಸುವಾಗ ಹಳೆಯ ಡಿಸ್ಕು ಸಣ್ಣಗೆ ಬಿಕ್ಕುತ್ತದೆ. ಕೆಳಮನೆಯಿಂದ ಒಡತಿ ಯಶೋದಮ್ಮ, "ಯಾರ್ರೀ ಅದು ಅಳ್ತಿರೋದು?" ಎಂದು ಕೂಗುತ್ತಾರೆ. "ಯಾರೂ ಅಳಾಕತ್ತಿಲ್ರಿ ಅಮ್ಮಾ, ನಾನು ಅಳಿಸಾಕತ್ತೀನಿ." "ಅಳಿಸ್ತಿದ್ದೀನಿ ಅಂತ ಬೇರೆ ಹೇಳ್ತೀರಲ್ಲ!" ಕೈಪಿಡಿಯ ಪ್ರತಿ ಆವೃತ್ತಿಯಲ್ಲೂ, ಕಂಪ್ಯೂಟರುಗಳ ಪಟ್ಟಿಯಲ್ಲಿ ಒಂದೇ ಒಂದು ಮಾದರಿಯ ಎದುರು 'ಇನ್ನೂ ಪರೀಕ್ಷಿಸಿಲ್ಲ' ಎಂದಿರುತ್ತದೆ. ಅದು ತೀರಿಕೊಂಡ ಹೆಂಡತಿ ಸುಜಾತಾಳ ಕಂಪ್ಯೂಟರು. ಅಂಧ ಮಕ್ಕಳಿಗಾಗಿ ಅವಳು ಓದಿ ಧ್ವನಿಮುದ್ರಿಸಿದ ಪಾಠಗಳು ಅದೊಂದರಲ್ಲೇ ಉಳಿದಿವೆ. ಬೇರೆಡೆಗೆ ತೆಗೆದಿಡಲು ಹೋದರೆ ಆ ಡಿಸ್ಕು ಒಪ್ಪುವುದಿಲ್ಲ. ಕೈಪಿಡಿ ಪೂರ್ತಿಯಾಗಲೆಂದು ಪ್ರತಿ ವರ್ಷ ಅದಕ್ಕೂ ಲಿನಕ್ಸ್ ಸಿಡಿ ಹಾಕುತ್ತಾನೆ; 'ಎಲ್ಲವನ್ನೂ ಅಳಿಸಲೇ?' ಎಂದು ಪರದೆ ಕೇಳಿದೊಡನೆ, ಯಾವ ಗುಂಡಿಯನ್ನೂ ಒತ್ತದೆ ಪ್ಲಗ್ಗನ್ನೇ ಕಿತ್ತುಬಿಡುತ್ತಾನೆ. ಡಿಸ್ಕು ನಿಲ್ಲುತ್ತದೆ, ಫ್ಯಾನು ನಿಲ್ಲುತ್ತದೆ, ಕೋಣೆಯಲ್ಲಿ ಸದ್ದೇ ಇರುವುದಿಲ್ಲ. ಆಗಲೇ ಪ್ರತಿ ಸಲವೂ ಕೆಳಗಿನಿಂದ ಯಶೋದಮ್ಮನ ದನಿ ಬರುತ್ತದೆ: "ಇವತ್ತು ಅಳ್ತಿರೋದು ಹೆಂಗಸಿನ ಗಂಟಲು ಕಣ್ರೀ. ಸಾಕು, ಅಳಿಸ್ಬೇಡಿ."