ಎರಡು ತುಂಡಾದ ನೂರರ ನೋಟು

ಮೊನ್ನೆ ಮೊಮ್ಮಗ ಇಚಲಕರಂಜಿಯ ಮನೆಯಲ್ಲಿ ಕೂತೇ, ತಂಗಿಯ ಹೆರಿಗೆಗೆಂದು ತನ್ನ ಬ್ಯಾಂಕಿನಿಂದ ಕೊಲ್ಹಾಪುರದ ಆಸ್ಪತ್ರೆಯ ಬ್ಯಾಂಕಿಗೆ ಹಣ ಕಳಿಸಿದ. ಮೊಬೈಲು ಟಿಣ್ ಎಂದಿತು. ನನಗೆ ಕೇಳಿಸಿದ್ದು ನನ್ನ ಅಜ್ಜನ ಕತ್ತರಿಯ ಸದ್ದು.

ಗಡಹಿಂಗ್ಲಜದಲ್ಲಿ ಅಜ್ಜನದು ಮೆಣಸಿನಕಾಯಿ ವ್ಯಾಪಾರ. ಪರವೂರಿಗೆ ಹಣ ಕಳಿಸುವಾಗ ನೋಟನ್ನು ಕತ್ತರಿಸಿ ಒಂದು ತುಂಡು ಟಪಾಲಿಗೆ ಹಾಕುತ್ತಿದ್ದ. ಅದು ಮುಟ್ಟಿದ ಸುದ್ದಿ ಬಂದ ಮೇಲೆಯೇ ಇನ್ನೊಂದು; ಎರಡನ್ನೂ ಅಂಟಿಸಿದರೆ ನೋಟು ನಡೆಯುತ್ತಿತ್ತು. ಅರ್ಧ ನೋಟು ಕದ್ದವನಿಗೆ ದಕ್ಕುವುದಿಲ್ಲವಲ್ಲ.

ಯುದ್ಧದ ಕಾಲ, ನಾನಿನ್ನೂ ಸಣ್ಣವಳು. ಅವತ್ತು ಅವ್ವ ಹೆರಿಗೆ ಕಷ್ಟವಾಗಿ ಕೊಲ್ಹಾಪುರದ ದವಾಖಾನೆಯಲ್ಲಿದ್ದಳು. ಕೂಡಲೇ ನೂರು ರೂಪಾಯಿ ಬೇಕೆಂದು ಅಪ್ಪನ ತಂತಿ ಬಂತು. ಅಜ್ಜ ಎಂದಿನಂತೆ ನೋಟು ಕತ್ತರಿಸಿದ.

ಅವನೆದುರು ಎಂದೂ ದನಿ ಎತ್ತದ ಅಜ್ಜಿ ಕೇಳಿದಳು: “ಅರ್ಧಾ ಮುಟ್ಟಿ ಸುದ್ದಿ ಬರೂತನಾ ಅಕಿ ಜೀವ ಹಿಡಕೊಂಡು ಕುಂದ್ರಬೇಕೇನ್ರಿ?”

“ದಾರ್ಯಾಗ ಕಳುವಾದ್ರ?” ಎಂದ ಅಜ್ಜ.

ಅಜ್ಜಿ ಒಂದು ತುಂಡನ್ನು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇನ್ನೊಂದನ್ನು ನನ್ನ ಪೋಲಕದ ಎದೆಯ ಒಳಮಗ್ಗುಲಿಗೆ ಇಟ್ಟು ಹೊಲಿದಳು. “ಈಗೂ ಬ್ಯಾರೆ ಬ್ಯಾರೆನ ಹೊಂಟಾವ” ಎಂದು ಅಜ್ಜನಿಗೆ ಹೇಳಿ, ನನ್ನ ಕೈಯನ್ನು ನನ್ನ ಎದೆಗೇ ಒತ್ತಿದಳು. “ಮುಟ್ಟೂತನಾ ಕೈ ತಗೀಬ್ಯಾಡ, ಕೂಸ.”

ಪೆಟ್ರೋಲ್ ಸಿಗದ ದಿನಗಳು; ನಾವಿಬ್ಬರೂ ಹತ್ತಿದ, ಇದ್ದಲಿಯ ಹೊಗೆಯಿಂದ ಓಡುವ ಬಸ್ಸು ಕಾಗಲದ ಹತ್ತಿರ ನಿಂತುಬಿಟ್ಟಿತು. ಡ್ರೈವರ್ ಇದ್ದಲಿ ಕೆದಕುತ್ತಲೇ ಇದ್ದ, ಅಜ್ಜಿಯ ತುಟಿ ಪ್ರಾರ್ಥನೆಯಲ್ಲಿ ಅಲುಗುತ್ತಲೇ ಇತ್ತು. ಪಕ್ಕದ ಗಂಡಸು ನನ್ನತ್ತ ಬಾಗಿದ. “ಎದಿ ನೋಯಾಕತ್ತೈತೇನವ್ವಾ?” ನಾನು ಕೈಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡೆ.

ದವಾಖಾನೆಯ ಬಾಗಿಲಲ್ಲೇ ಅಜ್ಜಿ ಹೊಲಿಗೆಯನ್ನು ಹಲ್ಲಿನಿಂದ ಕಿತ್ತು, ಎರಡೂ ತುಂಡು ಅಪ್ಪನ ಕೈಗಿಟ್ಟಳು. ಸಂಜೆಗೆ ಆಗಷ್ಟೇ ಹುಟ್ಟಿದ ತಮ್ಮ ಅಳುವುದು ಕೇಳಿಸಿತು. ಆಮೇಲೆ ಅವ್ವನ ದನಿಯೂ.

“ರೊಕ್ಕ ಮುಟ್ಟೇತಿ, ಅಜ್ಜಿ” ಎಂದ ಮೊಮ್ಮಗ, ಮೊಬೈಲು ಕಿಸೆಗೆ ಹಾಕಿಕೊಳ್ಳುತ್ತ. ಆಗ ನೋಡಿಕೊಂಡೆ, ನನ್ನ ಕೈ ಎದೆಯ ಮೇಲಿತ್ತು.