ಕಟಿಂಗ್ ಮಾಸ್ಟರು ಕಾರಿಗೆ ಅಳತೆ ತೆಗೆದದ್ದು

ಕಟಿಂಗ್ ಮಾಸ್ಟರಿಗೆ ಗೊತ್ತಿದ್ದದ್ದು ಒಂದೇ ಬೈಗುಳ: ಆಲ್ಟರೇಷನ್. ಎದುರು ಅಂಗಡಿಯವನು ಹೊಲಿದ ಪ್ಯಾಂಟು ಸೊಂಟದಿಂದ ಜಾರಿದರೆ, ಹೊಸದಾಗಿ ಹಾಕಿದ ರಸ್ತೆ ತಿಂಗಳೊಳಗೆ ಕಿತ್ತುಹೋದರೆ, ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡಹೆಂಡತಿ ಮಾತು ಬಿಟ್ಟರೆ, ಮಾಸ್ಟರು ಮೂಗು ಮುರಿದು, "ಆಲ್ಟರೇಷನ್ ಕೇಸು" ಎಂದು ತೀರ್ಪು ಕೊಟ್ಟು ಮುಂದೆ ನಡೆಯುತ್ತಿದ್ದರು. ಅವರು ಇಪ್ಪತ್ತೆರಡು ವರ್ಷ ಒಂದೇ ಹೊಲಿಗೆ ಕಾರ್ಖಾನೆಯಲ್ಲಿ, ಒಂದೇ ಮೇಜಿನ ಮುಂದೆ ನಿಂತು ಕೋಟು, ಷರಟುಗಳ ಬಟ್ಟೆ ಕತ್ತರಿಸಿದವರು. ಆ ಮೇಜಿನಿಂದ ಹೋದ ಒಂದು ಬಟ್ಟೆಯೂ ತಿದ್ದುವುದಕ್ಕೆಂದು ವಾಪಸು ಬಂದದ್ದಿಲ್ಲ. ಇದು ಅವರೇ ಹೇಳಿಕೊಳ್ಳುವ ಮಾತಾದರೂ ಅಲ್ಲಗಳೆದವರನ್ನು ಯಾರೂ ಕಂಡಿಲ್ಲ.

ಆಳು ಆರಡಿ ಎರಡಿಂಚು. ಆದರೆ ಇಪ್ಪತ್ತೆರಡು ವರ್ಷ ಮೇಜಿನ ಮೇಲೆ ಬಗ್ಗಿ ಬಗ್ಗಿ, ತಾವು ಎತ್ತರದ ಮನುಷ್ಯ ಎಂಬುದನ್ನೇ ಮರೆತಿದ್ದರು. ಮನೆಯ ಬಾಗಿಲಲ್ಲಿ ತಲೆ ತಾನಾಗಿ ಬಗ್ಗುತ್ತಿತ್ತು, ಬಸ್ಸಿನ ಕಂಬಿಯಡಿ ತಾನಾಗಿ ವಾಲುತ್ತಿತ್ತು. ಜಗತ್ತು ಸ್ವಲ್ಪ ಗಿಡ್ಡಗಿದೆ, ಅದರ ಪಾಡು ಅದಕ್ಕೆ, ಎಂದು ಅವರು ಯಾವತ್ತೋ ಒಪ್ಪಿಕೊಂಡಿದ್ದರು.

ಇಂಥ ಮನುಷ್ಯನ ನೆಮ್ಮದಿಗೆ ಕತ್ತರಿ ಬಿದ್ದದ್ದು ಕಾರ್ಖಾನೆ ಜಾಗ ಬದಲಿಸಿದಾಗ. ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿದ್ದದ್ದು, ಊರಾಚೆ ನಲವತ್ತು ಕಿಲೋಮೀಟರು ದೂರದ ದೊಡ್ಡ ಷೆಡ್ಡಿಗೆ ಹೋಗಿ ಕೂತಿತು. ಮಾಲೀಕರು ಮಾಸ್ಟರನ್ನು ಕರೆದು ಹೇಳಿದರು.

"ಮೊದಲನೇ ತಾರೀಕಿಂದ ಬೆಳಗ್ಗೆ ಎಂಟಕ್ಕೆ ಕತ್ತರಿ ಆಡಬೇಕು ಮಾಸ್ಟರೇ. ಎಂಟು ಗಂಟೆಗೆ ಮೇಜಿನ ಮುಂದೆ ಯಾರು ನಿಂತಿರ್ತಾರೋ ಮೇಜು ಅವರದ್ದು. ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ."

ಮೊದಲ ಬಸ್ಸು ಅಲ್ಲಿ ಮುಟ್ಟುತ್ತಿದ್ದದ್ದು ಎಂಟೂ ನಲವತ್ತಕ್ಕೆ. ಎರಡನೇ ಕಟ್ಟರ್ ಎಂಬೊಬ್ಬ ಮಹಾಶಯನ ಮನೆಯಿದ್ದದ್ದು ಹೊಸ ಷೆಡ್ಡಿನ ಹಿಂಬದಿಯಲ್ಲೇ. ಅವನು ಕತ್ತರಿಸಿದ ಷರಟುಗಳಲ್ಲಿ ವಾರಕ್ಕೆ ಹತ್ತಾದರೂ ವಾಪಸು ಬರುತ್ತಿದ್ದವು. ತಮ್ಮ ಮೇಜಿನ ಮೇಲೆ ಅವನ ಮೊಣಕೈ ಊರಿರುವ ದೃಶ್ಯವನ್ನು ನೆನೆದು ಮಾಸ್ಟರು ಆ ದಿನ ಅರ್ಧ ಊಟಕ್ಕೇ ನಿಲ್ಲಿಸಿದರು. ಊಟದ ತಟ್ಟೆ ಪಕ್ಕಕ್ಕೆ ಸರಿಸಿ ಘೋಷಿಸಿದರು: "ಕಾರು ತಗೊಳ್ಳೋಣ."

ಮಾಸ್ಟರಿಗೆ ಕಾರು ಓಡಿಸುವುದು ಗೊತ್ತಿತ್ತು. ಚಿಕ್ಕ ವಯಸ್ಸಿನಲ್ಲಿ ನಾಲ್ಕು ವರ್ಷ ಕಾರ್ಖಾನೆಯ ಡೆಲಿವರಿ ವ್ಯಾನು ಓಡಿಸಿದ್ದರು. ಆ ವ್ಯಾನಿನ ಚಾವಣಿ ಸಭಾಭವನದಷ್ಟು ಎತ್ತರವಿತ್ತು ಎಂಬುದು ಮಾತ್ರ ಈಗ ಅವರಿಗೆ ನೆನಪಿರಲಿಲ್ಲ.

ಹೆಂಡತಿಯ ಅಂಚೆ ಕಚೇರಿ ಅದೇ ದಾರಿಯಲ್ಲಿತ್ತು. ಏಳನೇ ಕ್ಲಾಸಿನ ಮಗಳ ಶಾಲೆಯೂ ಅಷ್ಟೆ. ಮನೆಯಲ್ಲೇ ಇದ್ದ ಅತ್ತೆಗೆ ಮಂಡಿನೋವು. ವಾರಕ್ಕೆ ಎರಡು ದಿನ ವ್ಯಾಯಾಮ ಮಾಡಿಸುವ ಡಾಕ್ಟರ ಹತ್ತಿರ ಹೋಗಬೇಕಿತ್ತು. ಹೀಗಾಗಿ ಕಾರು ಮಾಸ್ಟರಿಗೆ ಬೇಕಾದದ್ದಾದರೂ ಇಡೀ ಸಂಸಾರದ ಉಡುಪಾಗುವ ಲಕ್ಷಣ ಕಾಣಿಸಿತು. ಉಡುಪು ಅಂದಮೇಲೆ ಅಳತೆ ತೆಗೆಯದೆ ಇರುವುದುಂಟೇ? ಕುತ್ತಿಗೆಯ ಟೇಪು ಕೈಗೆ ಬಂತು. ಮಗಳು ಅಳತೆ ಪುಸ್ತಕ ಹಿಡಿದು ಕೂತಳು. ಒಬ್ಬೊಬ್ಬರನ್ನೇ ಕುರ್ಚಿಯಲ್ಲಿ ಕೂರಿಸಿ, ಸೊಂಟದಿಂದ ಮಂಡಿಗೆ, ಮಂಡಿಯಿಂದ ಹಿಮ್ಮಡಿಗೆ, ಆಸನದಿಂದ ನೆತ್ತಿಗೆ ಮಾಸ್ಟರು ಅಳೆಯುತ್ತ ಹೋದರು.

"ಅಳಿಯಂದಿರೇ, ಕಾರು ತಗೋತೀರೋ, ನನಗೆ ಕೋಟು ಹೊಲೀತೀರೋ?" ಅಂದರು ಅತ್ತೆ.

"ಅಲುಗಾಡಬೇಡಿ ಅತ್ತೆ. ಮಂಡಿ ಮುಂದೆ ನಾಲ್ಕು ಬೆರಳು ಜಾಗ ಬಿಡಬೇಕು. ಪುಟ್ಟಿ, ಬರ್ಕೋ, ಇಪ್ಪತ್ತಮೂರೂವರೆ."

ಅಷ್ಟಕ್ಕೇ ನಿಲ್ಲದೆ ಹೆಂಡತಿಯ ಊಟದ ಡಬ್ಬಿ, ಮಗಳ ಶಾಲೆಯ ಚೀಲ, ಅತ್ತೆಯ ಉದ್ದ ಕೊಡೆ, ಎಲ್ಲವೂ ಪುಸ್ತಕ ಸೇರಿದವು.

ಮುಂದಿನ ಎರಡು ವಾರ ಮಾಸ್ಟರು ಸಂಸಾರ ಸಮೇತ ಕಾರುಗಳ ಮೇಲೆ ದಂಡೆತ್ತಿ ಹೋದರು. ಮೊದಲನೆಯ ಮಳಿಗೆಯ ಕಾರು ಹಡಗಿನಷ್ಟಿತ್ತು. ಅದರ ಬೆಲೆ ಕೇಳಿ ಮಾಸ್ಟರು, "ಬಟ್ಟೆ ಚೆನ್ನಾಗಿದೆ, ನಮ್ಮ ಮೈಗೆ ಜಾಸ್ತಿ" ಎಂದು ಮರ್ಯಾದೆಯಿಂದ ಹಿಂದೆ ಸರಿದರು. ಎರಡನೆಯ ಕಾರಿನ ಹೊಸ್ತಿಲು ನೆಲದಿಂದ ಎಷ್ಟು ಮೇಲಿತ್ತೆಂದರೆ, ಅತ್ತೆ ಅದನ್ನು ಕೆಳಗಿನಿಂದಲೇ ನೋಡಿ, "ಇದಕ್ಕೆ ಏಣಿ ಬೇರೆ ಕೊಂಡ್ಕೋಬೇಕೋ, ಕಾರಿನ ಜೊತೆಗೇ ಬರುತ್ತೋ ಕೇಳಿ" ಅಂದರು. ಮೂರನೆಯದು ಹಳೇ ಕಾರುಗಳನ್ನು ಮಾರುವ ಜಾಗ. ಅಲ್ಲಿ ಮೂಲೆಯಲ್ಲಿ ಒಂದು ನೀಲಿ ಕಾರು ನಿಂತಿತ್ತು: ಪುಟ್ಟದು, ಐದು ವರ್ಷದ್ದು, ಒಬ್ಬರೇ ಓಡಿಸಿದ್ದು. ಪರಿಚಯದ ಮೆಕ್ಯಾನಿಕ್ ಬಂದು ಎಂಜಿನ್ನಿಗೆ ಕಿವಿಗೊಟ್ಟು, "ಗಟ್ಟಿ ಇದೆ, ಕಣ್ಣು ಮುಚ್ಚಿ ತಗೊಳ್ಳಿ" ಎಂದು ಹೇಳಿಹೋದ. ಮಾಸ್ಟರು ಈ ಸಲಹೆಯನ್ನು ಅಗತ್ಯಕ್ಕಿಂತ ಹೆಚ್ಚಾಗಿಯೇ ಪಾಲಿಸಿದರು.

ಮಾರುವ ಹೆಂಗಸು ಬಲು ಚುರುಕು. ಕೀಲಿಕೈ ಮುಂದೆ ಚಾಚಿ, "ಒಂದು ಸುತ್ತು ನೀವೇ ಓಡಿಸಿ ನೋಡಿ ಸಾರ್" ಅಂದಳು.

"ನನ್ನದೇನಿದೆ, ನೀವು ಓಡಿಸಿ. ನಾನು ಹಿಂದೆ ಅತ್ತೆ ಪಕ್ಕ ಕೂತು ನೋಡ್ತೀನಿ. ನಿಜವಾದ ಪರೀಕ್ಷೆ ಇರೋದು ಅಲ್ಲಿ."

ಹಾಗೇ ಆಯಿತು. ಆಕೆ ಓಡಿಸಿದಳು. ಮಾಸ್ಟರು ದಾರಿಯುದ್ದಕ್ಕೂ ಅತ್ತೆಯ ಮಂಡಿಯ ಹತ್ತಿರ ಬಗ್ಗಿ, ಟೇಪು ಹಿಡಿದು, ಪ್ರತಿ ರಸ್ತೆಯುಬ್ಬಿಗೂ ಜಾಗ ಎಷ್ಟು ಕಮ್ಮಿಯಾಗುತ್ತದೆಂದು ಕೂಗಿ ಹೇಳಿದರು. ನಾಲ್ಕು ಬೆರಳು ನಾಲ್ಕು ಬೆರಳಾಗಿಯೇ ಉಳಿಯಿತು. ಕೊಡೆ ಹಿಂದೆ ಅಡ್ಡಡ್ಡ ಹಿಡಿಸಿತು, ಅರ್ಧ ಇಂಚು ಮಿಕ್ಕಿತು. ಮಾಸ್ಟರ ಮುಖದಲ್ಲಿ ಕಾಲರು ಸರಿಯಾಗಿ ಕೂತಾಗ ಬರುವ ಕಳೆ ಬಂತು.

ದುಡ್ಡಿನ ಮಾತಿಗೆ ಬಂದರೆ, ಉಳಿತಾಯವನ್ನೆಲ್ಲ ಗುಡಿಸಿ ತಂದರೂ ಕಾಲುಭಾಗ ಕಡಿಮೆ ಬಿತ್ತು. ಸಾಲದ ಅರ್ಜಿ ತುಂಬಲು ಮಾಸ್ಟರು ಪೆನ್ನು ತೆಗೆದಾಗ ಅತ್ತೆ ಒಳಗಿನಿಂದ ತಮ್ಮ ಠೇವಣಿಯ ಕಾಗದ ತಂದು ಮೇಜಿನ ಮೇಲಿಟ್ಟರು.

"ಬೇಡ ಅತ್ತೆ. ನಿಮ್ಮ ಹತ್ರ ಕೈ ಚಾಚೋದು ನನಗೆ ಸರಿ ಕಾಣಲ್ಲ."

"ನಿಮಗ್ಯಾರು ಕೊಡ್ತಿದಾರೆ? ನಾನು ಸೀಟು ಕೊಂಡ್ಕೋತಿದೀನಿ. ಡ್ರೈವರ್ ಹಿಂದಿನದ್ದು."

"ಮುಂದೆ ಕೂತ್ಕೋ ಅಮ್ಮ, ಆರಾಮಾಗಿರುತ್ತೆ" ಅಂದಳು ಮಗಳು, ಅಂದರೆ ಮಾಸ್ಟರ ಹೆಂಡತಿ.

"ಮುಂದೆ ಕೂತರೆ ಎದುರಿಗೆ ಬರೋ ಲಾರಿಗಳೆಲ್ಲ ನನ್ನನ್ನೇ ನೋಡ್ಕೊಂಡು ಬರ್ತವೆ. ಹಿಂದೇನೇ ಒಳ್ಳೇದು. ಅಳಿಯಂದಿರ ಕಿವಿಗೂ ಹತ್ತಿರ, ನಿಧಾನ ಹೋಗಿ ಅಂತ ಹೇಳೋಕೆ."

ಕ್ರಯ ಮುಗಿಯಿತು. ಭಾನುವಾರ ಬೆಳಗ್ಗೆ ಮಾರಾಟದವರ ಡ್ರೈವರು ಕಾರನ್ನು ಮನೆ ಮುಂದೆ ತಂದು ನಿಲ್ಲಿಸಿ, ಕೀಲಿ ಕೊಟ್ಟು, ಬಂದ ದಾರಿ ಹಿಡಿದ. ಸೋಮವಾರವೇ ಮೊದಲನೇ ತಾರೀಕು. ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಅತ್ತೆ ತಾವು ಕೊಂಡ ಸೀಟಿನಲ್ಲಿ ಪಟ್ಟಕ್ಕೇರಿದವರಂತೆ ಕೂತರು. ಮಗಳು ಪಕ್ಕದಲ್ಲಿ, ಹೆಂಡತಿ ಮುಂದೆ. ಒಬ್ಬೊಬ್ಬರೂ ಹೊಲಿದಿಟ್ಟ ಹಾಗೆ ಹಿಡಿಸಿದರು. ಮಾಸ್ಟರು ಕಾರಿಗೊಂದು ಸುತ್ತು ಬಂದು, ಬೀದಿಯನ್ನೊಮ್ಮೆ ನೋಡಿ, ಡ್ರೈವರ್ ಬಾಗಿಲು ತೆರೆದರು.

ಒಂದು ಕಾಲು ಒಳಗೆ ಹೋಯಿತು. ಎರಡನೆಯದು ಹೋಗಲು ಸ್ವಲ್ಪ ಮಾತುಕತೆ ಬೇಕಾಯಿತು. ತಲೆ ಬಂದದ್ದು ಕೊನೆಗೆ. ಅದು ಚಾವಣಿಗೆ ತಗುಲಿ ಒಂದು ಕಡೆ ವಾಲಿ ನಿಂತಿತು. ಎರಡು ಮಂಡಿಗಳೂ ಸ್ಟೀರಿಂಗಿನ ಎರಡು ಪಕ್ಕ ಎದ್ದು ನಿಂತು, ಚಕ್ರ ಎಡಕ್ಕೆ ಹೋದರೆ ಒಂದು, ಬಲಕ್ಕೆ ಹೋದರೆ ಇನ್ನೊಂದು ಅಡ್ಡ ಬಂದವು. ಯಾರೂ ಕೇಳದಿದ್ದರೂ ಹಾರ್ನು ಒಂದು ಸಲ ಅರಚಿತು.

"ರೀ, ಯಾಕೆ ಹಂಗೆ ಕೂತಿದೀರಾ?"

"ಹೆಂಗೆ?"

"ಸೂಟ್‌ಕೇಸಲ್ಲಿ ಏಣಿ ಮಡಚಿಟ್ಟ ಹಾಗೆ."

ಮಾಸ್ಟರು ಸೀಟಿನಡಿಯ ಹಿಡಿ ಎಳೆದು ಹಿಂದಕ್ಕೆ ಜಾರಿದರು. "ಅಯ್ಯೋ, ನನ್ನ ಮಂಡಿ" ಎಂದು ಹಿಂದಿನಿಂದ ಕೂಗು ಬಂತು. ಮುಂದಕ್ಕೆ ಬಂದರು. ಹಾರ್ನು ಮತ್ತೆ ಅರಚಿತು.

ಮಗಳು ಓಡಿಹೋಗಿ ಅಳತೆ ಪುಸ್ತಕ ತಂದು ಬೆರಳಿಟ್ಟು ಓದಿದಳು. "ಅಜ್ಜಿ. ಅಮ್ಮ. ನಾನು. ಊಟದ ಡಬ್ಬಿ. ಸ್ಕೂಲ್ ಚೀಲ. ಕೊಡೆ." ಹಾಳೆ ತಿರುಗಿಸಿ ನೋಡಿದಳು. "ಅಪ್ಪ, ನೀನೇ ಇಲ್ವಲ್ಲ."

ಬೀದಿಯ ಕಿಟಕಿಗಳು ನಗು ತಡೆದುಕೊಂಡವು. ದರ್ಜಿಯ ಕಸುಬಿನಲ್ಲಿ ಒಂದು ಬಡತನವಿದೆ: ಅವನು ಊರಿನವರ ಅಳತೆಯೆಲ್ಲ ತೆಗೆಯಬಲ್ಲ, ತನ್ನದನ್ನು ತಾನು ತೆಗೆದುಕೊಳ್ಳಲಾರ. ಟೇಪಿನ ಇನ್ನೊಂದು ತುದಿ ಹಿಡಿಯಲು ಇನ್ನೊಬ್ಬರು ಬೇಕು. ಮಾಸ್ಟರು ಮದುವೆಯ ಕಾಲದ ಒಂದು ಷರಟನ್ನು ಮೇಜಿನ ಮೇಲೆ ಹಾಸಿ, ಅದರ ಸುತ್ತ ಚಾಕ್ ಎಳೆದು, ಹೊಟ್ಟೆಯ ಹತ್ತಿರ ಅಂದಾಜಿಗೆ ಅಷ್ಟಿಷ್ಟು ಬಿಟ್ಟು ಈವರೆಗೆ ಕಾಲ ತಳ್ಳಿದ್ದರು. ಗಿರಾಕಿಗಳಿಗೆ ಎರಡೆರಡು ಸಲ ಟ್ರಯಲ್ ನೋಡುವ ಮನುಷ್ಯ, ತಮಗೆ ಒಂದು ಟ್ರಯಲ್ಲೂ ನೋಡದೆ ಕಾರು ಕೊಂಡಿದ್ದರು.

ಕಾರು ತಲುಪಿಸಿದ ಡ್ರೈವರನ್ನು ಬಿಟ್ಟರೆ ಮಾರುವ ಜಾಗಕ್ಕೆ ಭಾನುವಾರ ರಜೆ. ಹೆಂಡತಿಗೆ ಕಾರು ಓಡಿಸಲು ಬಾರದು. ಇಪ್ಪತ್ತೆರಡು ಗಂಟೆಯಲ್ಲಿ ಮೇಜು ಕೈಬಿಡುವುದಿತ್ತು. ಮಾಸ್ಟರು ಹೇಗೋ ಹೊರಗೆ ಬಂದು ಮೆಟ್ಟಿಲ ಮೇಲೆ ಕೂತರು.

"ನಾನು ಆ ಕಡೆ ಸೀಟಿಗೆ ಹೋಗ್ತೀನಿ ಬಿಡಿ" ಅಂದರು ಅತ್ತೆ.

"ಬೇಡ. ಅಳತೆ ಕೊಟ್ಟ ಗಿರಾಕಿಗೆ ಮಾತು ತಪ್ಪೋದು ನನ್ನಿಂದಾಗಲ್ಲ. ಅದೂ ಅಲ್ಲದೆ ನೀವು ಜಾಗ ಬಿಟ್ಟರೂ ಚಾವಣಿ ಜಾಗ ಬಿಡುತ್ತಾ?"

ಹೆಂಡತಿ ಡ್ರೈವರ್ ಸೀಟಿನ ಸ್ಪಂಜನ್ನು ಒತ್ತಿ ದಪ್ಪ ನೋಡಿದಳು. ಆಮೇಲೆ, ಮದುವೆಯಾದಾಗಿನಿಂದ ಆ ಮನೆಯಲ್ಲಿ ಗಂಡನ ವಿಷಯಕ್ಕೆ ಯಾರೂ ಆಡದ ಮಾತನ್ನು ಆಡಿದಳು.

"ಆಲ್ಟರೇಷನ್ ಮಾಡಿ."

ಮಾಸ್ಟರು ತಲೆಯೆತ್ತಿ ನೋಡಿದರು. ಹೆಂಡತಿ ನಗುತ್ತಿರಲಿಲ್ಲ.

"ಸೀಟಿನ ಸ್ಪಂಜು ಆರಿಂಚು ದಪ್ಪ ಇದೆ. ಬೆನ್ನಿನದು ನಾಲ್ಕು. ಹೊಲಿಗೆ ಬಿಚ್ಚಿ ಒಳಗೆ ತಗೊಳ್ಳಿ. ಕೋಟಿಗೆ ಮಾಡೋದು ಕಾರಿಗೆ ಆಗಲ್ವಾ?"

"ಅದಕ್ಕೆ ಅಳತೆ ಬೇಕು" ಎಂದರು ಮಾಸ್ಟರು, ಸಣ್ಣ ದನಿಯಲ್ಲಿ.

"ನಿಂತ್ಕೊಳ್ಳಿ" ಅಂದಳು ಹೆಂಡತಿ. ಅವರ ಕುತ್ತಿಗೆಯಿಂದಲೇ ಟೇಪು ಎಳೆದುಕೊಂಡಳು.

ಅಂದು ಆ ಮನೆಯ ಅಂಗಳದಲ್ಲಿ ಮಾಸ್ಟರು ಜೀವನದಲ್ಲಿ ಮೊದಲ ಸಲ ಗಿರಾಕಿಯಾದರು. ಹೆಂಡತಿ ಸ್ಟೂಲು ಹತ್ತಿ ನೆತ್ತಿಯ ತುದಿ ಹಿಡಿದಳು, ಅತ್ತೆ ಕುರ್ಚಿಯಲ್ಲಿ ಕೂತು ಕೆಳತುದಿ ಹಿಡಿದರು. ಮಗಳು ಹೊಸ ಹಾಳೆಯಲ್ಲಿ ದೊಡ್ಡದಾಗಿ "ಅಪ್ಪ" ಎಂದು ಬರೆದು ಗೆರೆ ಎಳೆದಳು. ಹೊಟ್ಟೆಯ ಸುತ್ತಳತೆ ಬಂದಾಗ ಮಾಸ್ಟರು ಎಲ್ಲ ಗಿರಾಕಿಗಳೂ ಮಾಡುವುದನ್ನೇ ಮಾಡಿದರು.

"ಉಸಿರು ಬಿಡಿ. ನಲವತ್ತು ಕಿಲೋಮೀಟರೂ ಹೊಟ್ಟೆ ಒಳಗೆಳ್ಕೊಂಡೇ ಹೋಗ್ತೀರಾ?"

ಬಿಟ್ಟರು. ಟೇಪು ಎರಡಿಂಚು ಮುಂದೆ ಹೋಯಿತು. ಅತ್ತೆ ಸಭ್ಯತೆಯಿಂದ ಬೇರೆ ಕಡೆ ನೋಡಿದರು.

ಮೆಕ್ಯಾನಿಕ್ ಬಂದು ಬೋಲ್ಟು ಬಿಚ್ಚಿ ಸೀಟನ್ನು ಹೊರಗಿಟ್ಟುಕೊಟ್ಟ. ಅದನ್ನು ಊಟದ ಮೇಜಿನ ಮೇಲೆ ಮಲಗಿಸಿದ್ದೇ ತಡ, ಮಾಸ್ಟರ ಬೆನ್ನು ತಾನಾಗಿ ಬಗ್ಗಿತು, ಕೈ ತಾನಾಗಿ ಕತ್ತರಿಗೆ ಹೋಯಿತು. ಹೊಲಿಗೆ ಬಿಚ್ಚಿ, ಸ್ಪಂಜಿನ ಮೇಲೆ ಚಾಕ್ ಎಳೆದು, ಕೂರುವ ಕಡೆ ಎರಡೂವರೆ ಇಂಚು, ಬೆನ್ನಿನ ಕಡೆ ಎರಡಿಂಚು ತೆಗೆದರು. ಕವರನ್ನು ಅಷ್ಟಕ್ಕೇ ಒಳಗೆ ಎಳೆದು, ಎಲ್ಲಿ ಬಿಚ್ಚಿದ್ದರೆಂದು ಯಾರೂ ಹೇಳಲಾಗದ ಹಾಗೆ ಹೊಲಿದರು. ಊಟದ ಹೊತ್ತಿಗೊಂದು ಟ್ರಯಲ್. ತಲೆ ನೆಟ್ಟಗೆ ನಿಂತಿತು, ಆದರೆ ಒಂದು ಮಂಡಿ ಇನ್ನೂ ಸ್ಟೀರಿಂಗನ್ನು ಸವರುತ್ತಿತ್ತು. ಬೆನ್ನಿನಲ್ಲಿ ಇನ್ನೊಂದು ಅರ್ಧ ಇಂಚು ತೆಗೆದರು. ಸಂಜೆ ಐದಕ್ಕೆ ಎರಡನೇ ಟ್ರಯಲ್. ಹಾರ್ನು ಸುಮ್ಮನಿತ್ತು. ಅತ್ತೆ ಹಿಂದೆ ಕೂತು ಮಂಡಿಯ ಮುಂದೆ ಕೈಯಿಟ್ಟು ನೋಡಿ, "ನಾಲ್ಕು ಬೆರಳು, ನಿಜ" ಎಂದು ಒಪ್ಪಿಗೆ ಕೊಟ್ಟರು. ತೆಗೆದ ಸ್ಪಂಜು ದಂಡವಾಗಲಿಲ್ಲ. ಅದು ಅತ್ತೆಯ ಬೆನ್ನಿಗೆ ದಿಂಬಾಯಿತು.

ಸೋಮವಾರ ಎಲ್ಲರನ್ನೂ ಅವರವರ ಜಾಗದಲ್ಲಿ ಇಳಿಸುತ್ತ, ಹಿಂದಿನಿಂದ ಬಂದ ಇಪ್ಪತ್ತೇಳು ಸಲಹೆಗಳನ್ನು ಕಿವಿಗೆ ಹಾಕಿಕೊಳ್ಳುತ್ತ, ಮಾಸ್ಟರು ಏಳೂ ಐವತ್ತಕ್ಕೆ ಹೊಸ ಷೆಡ್ಡಿನ ಗೇಟು ಮುಟ್ಟಿದರು. ನೀಲಿ ಕಾರಿನ ಬಾಗಿಲು ತೆರೆಯಿತು. ಬಟ್ಟೆಯ ಥಾನು ಬಿಚ್ಚಿಕೊಂಡ ಹಾಗೆ ಅದರಿಂದ ಮಾಸ್ಟರು ಹೊರಗೆ ಬಂದರು, ಬರುತ್ತಲೇ ಇದ್ದರು. ಗೇಟಿನಲ್ಲಿ ನಿಂತಿದ್ದ ಮಾಲೀಕರು ಕಾರನ್ನೊಮ್ಮೆ, ಅವರನ್ನೊಮ್ಮೆ ನೋಡಿದರು.

"ಇಷ್ಟು ಪುಟ್ಟ ಕಾರಲ್ಲಿ ನೀವು ಹೆಂಗೆ ಹಿಡಿಸಿದ್ರಿ ಮಾಸ್ಟರೇ?"

ಮಾಸ್ಟರು ಟೇಪು ಕುತ್ತಿಗೆಗೆ ಹಾಕಿಕೊಂಡು ಒಳಗೆ ನಡೆದರು. ಎರಡನೇ ಕಟ್ಟರ್ ಮೇಜಿನ ಮೇಲೆ ಮೊಣಕೈ ಊರಿ ಗಡಿಯಾರ ನೋಡುತ್ತಿದ್ದ. ಅವನ ಕೈಯಿಂದ ಕತ್ತರಿ ತೆಗೆದುಕೊಂಡು, ಮೇಜಿನ ಅಂಚನ್ನೊಮ್ಮೆ ಸವರಿ, ಮಾಸ್ಟರು ಮಾಲೀಕರ ಪ್ರಶ್ನೆಗೆ ಬಾಯೊಳಗೇ ಉತ್ತರ ಕೊಟ್ಟರು, "ಆಲ್ಟರೇಷನ್."

"ಏನಂದ್ರಿ ಮಾಸ್ಟರೇ?"

"ಬಟ್ಟೆ ಹಾಸು ಅಂದೆ."