ವೆಲ್ಮಾಳ ಹಸಿರು ತಟ್ಟೆ

ನಮ್ಮ ಪಕ್ಕದ ಮನೆ ವೆಲ್ಮಾ ಸ್ಕೂಲಿನ ಅಡುಗೆಮನೆಯಿಂದ ರಿಟೈರ್ ಆದಮೇಲೆ ಕಲಾವಿದೆ ಆಗಿಬಿಟ್ಟಳು. ಚರ್ಚಿನ ಹಳೇ ಸಾಮಾನಿನ ಅಂಗಡಿಯಿಂದ ಸತ್ತವರ ಮನೆ ಗಾಜಿನ ತಟ್ಟೆಗಳನ್ನ ಹೊತ್ತು ತರೋದು, ಗ್ಯಾರೇಜಿನಲ್ಲಿ ಟವಲ್ಲು ಸುತ್ತಿ ಕುಟ್ಟೋದು, ಚೂರು ಜೋಡಿಸಿ ಕರೆಂಟಿನ ಕುಲುಮೆಯಲ್ಲಿ ಕರಗಿಸೋದು. ನೆಟ್ಟಗಿದ್ದ ತಟ್ಟೆ ಒಡೆದು ಮತ್ತೆ ತಟ್ಟೆ ಮಾಡೋದಂತೆ, ಅದು ಕಲೆಯಂತೆ!

ಮಾಡಿದ್ದಾದರೂ ನಿಲ್ಲಬೇಕಲ್ಲ? ಓಹಿಯೋ ನದಿ ದಂಡೆಯ ನಮ್ಮೂರಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಗಾಜಿನ ಕಾರ್ಖಾನೆ. ಒಂದರ ಗಾಜಿಗೂ ಇನ್ನೊಂದರದ್ದಕ್ಕೂ ಕೂಡಿಬರಲ್ಲ, ಬಿಸಿಯಲ್ಲಿ ಅಂಟಿಕೊಂಡರೂ ತಣ್ಣಗಾದಾಗ ಬಿರುಕು ಬಿಡುತ್ತೆ ಅಂತ ಇಲ್ಲಿ ಮಕ್ಕಳಿಗೂ ಗೊತ್ತು. ವೆಲ್ಮಾಗೂ ಗೊತ್ತು. ಆದರೆ ಬಣ್ಣ ಕಂಡರೆ ಅವಳ ಬುದ್ಧಿ ಕೈಕೊಡುತ್ತೆ. ಹೋದ ವರ್ಷ ಕಲಾಸಂಘದ ಪ್ರದರ್ಶನದಲ್ಲಿ ಅವಳ ಗಾಜಿನ ನವಿಲು ಜನರೆದುರಿಗೇ 'ಟಣ್' ಅಂತ ಎರಡಾಯಿತು. ಈ ಸಲವೂ ಒಡೆದರೆ ಪ್ರದರ್ಶನದಲ್ಲಿ ನಿನ್ನ ಮೇಜು ಬೇರೆಯವರಿಗೆ ಅಂತ ಸಂಘದವರು ಮುಖಕ್ಕೆ ಹೊಡೆದ ಹಾಗೆ ಹೇಳಿದರು. ಆ ಮೇಜೂ ಹೋದರೆ ಪಾಪ ಅವಳಿಗೆ ಇನ್ನೇನಿದೆ? ಗಂಡ ಬಿಟ್ಟು ಎಷ್ಟೋ ಕಾಲವಾಯಿತು.

ಗ್ಲೆನ್. ಥೂ, ಹೆಸರೆತ್ತಿದರೆ ಬಾಯಿ ಕಹಿಯಾಗುತ್ತೆ. ಕ್ಯಾಂಡಿಸ್ ಅನ್ನೋಳನ್ನ ಕಟ್ಟಿಕೊಂಡ, ಮನೆಯನ್ನೂ ಇಟ್ಟುಕೊಂಡ. ವೆಲ್ಮಾಳ ಅಮ್ಮ ಮದುವೆಗೆ ಕೊಟ್ಟಿದ್ದ ಹಸಿರು ಗಾಜಿನ ತಟ್ಟೆಗಳ ಸೆಟ್ಟನ್ನೂ ಬಿಡಲಿಲ್ಲ, ಹೊಟ್ಟೆಬಾಕ.

ಈ ವರ್ಷ ನೋಡಿದರೆ ಆ ಸೆಟ್ಟು ಚರ್ಚಿನ ಅಂಗಡಿಯಲ್ಲಿ ಕೂತಿದೆ! "ಅಜ್ಜಿ ಕಾಲದ್ದು" ಅಂತ ಕ್ಯಾಂಡಿಸ್ ತಂದು ಸುರಿದು ಹೋಗಿದ್ದಳಂತೆ. ವೆಲ್ಮಾ ತನ್ನ ತಟ್ಟೆಗಳನ್ನ ತಾನೇ ಕೊಂಡು ತಂದಳು.

"ಒಡೀಬೇಡ್ವೇ, ನಿಮ್ಮಮ್ಮಂದು. ಅದ್ರಲ್ಲಿ ಊಟ ಮಾಡು," ಅಂದೆ.

"ಅವ್ನು ಉಂಡಿದ್ದೂ ಇದ್ರಲ್ಲೇ, ನೋರೀನ್. ಇದು ಹೀಗೇ ಇದ್ರೆ ನಂಗೆ ತುತ್ತು ಇಳಿಯಲ್ಲ," ಅಂತ ಸುತ್ತಿಗೆ ಎತ್ತಿದಳು.

ಚೂರು ಜೋಡಿಸಿ ಕುಲುಮೆಗಿಟ್ಟಮೇಲೆ, ಅದು ತಾನಾಗಿ ತಣಿಯೋ ತನಕ ಅವಳು ಮುಚ್ಚಳ ಮುಟ್ಟಲಿಲ್ಲ. ಎಲ್ಲ ಒಂದೇ ಕಾರ್ಖಾನೆಯ ಗಾಜು ನೋಡಿ, ಸದ್ದಿಲ್ಲದೆ ಕೂಡಿಕೊಂಡಿತು. ದೊಡ್ಡದೊಂದು ತಟ್ಟೆ ಬಂತು. ಅಂಚಿನಲ್ಲಿ ಅಮ್ಮನ ತಟ್ಟೆ ಮೇಲಿದ್ದ ಉಬ್ಬು ಚಿತ್ತಾರದ ದ್ರಾಕ್ಷಿ ಎಲೆ ಒಂದು ಕರಗದೆ ಉಳಿದಿತ್ತು.

ಪ್ರದರ್ಶನದ ದಿನ ಬೆಳಗಿಂದ ನಾನು ಕಿವಿಗೊಟ್ಟು ಕೂತಿದ್ದೆ. ಟಣ್ ಇಲ್ಲ, ಏನಿಲ್ಲ. ಸಂಜೆ ಹೊತ್ತಿಗೆ ಗ್ಲೆನ್‌ನ ತೋಳು ಹಿಡಿದುಕೊಂಡು ಕ್ಯಾಂಡಿಸ್ ಬಂದಳು.

"ಅಬ್ಬಾ, ಎಂಥ ಹಸಿರು! ನಿನ್ನ ಕೈಲಿ ಇಂಥದ್ದೂ ಬರುತ್ತಾ ವೆಲ್ಮಾ? ಗ್ಲೆನ್, ನಮ್ಮ ಊಟದ ಮೇಜಿಗೆ ಇದೇ ಬೇಕು."

ಗ್ಲೆನ್‌ನ ಬೆರಳು ಅಂಚಿನ ಮೇಲೆ ಹರಿದು ಆ ಎಲೆ ಹತ್ತಿರ ನಿಂತುಬಿಟ್ಟಿತು. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿತು.

"ಇದು ಮಾರೋಕಲ್ಲ," ಅಂದಳು ವೆಲ್ಮಾ.

"ಯಾಕಂತೆ? ಕೇಳಿದಷ್ಟು ಕೊಡ್ತೀವಿ."

"ನಿಮ್ಮನೇಲೇ ಇತ್ತಲ್ಲಮ್ಮ. ಇಟ್ಕೊಳ್ಳೋಕೆ ಬರ್ಲಿಲ್ಲ ನಿಮ್ಗೆ."

"ಏನಂತಾಳೆ ಇವ್ಳು?" ಅಂತ ಕ್ಯಾಂಡಿಸ್ ಗಂಡನ ಕಡೆ ತಿರುಗಿದಳು. ಅವನು ಬೂಟು ನೋಡಿಕೊಂಡು ನಿಂತಿದ್ದ. ನಾನು ನಗು ತಡೆಯಲಾರದೆ ಬಾಯಿಗೆ ಕರ್ಚೀಫು ತುರುಕಿಕೊಂಡೆ. ವೆಲ್ಮಾ ಮಾತ್ರ ನಗಲಿಲ್ಲ. ತಟ್ಟೆಯನ್ನ ಎರಡೂ ಕೈಯಲ್ಲಿ ಎತ್ತಿ, ಕುಟ್ಟುವಾಗ ಸುತ್ತಿದ್ದ ಅದೇ ಟವಲ್ಲಿನಲ್ಲಿ ಮೆಲ್ಲಗೆ ಸುತ್ತಿದಳು.